ಓಟ್ಸ್, ಸಿರಪ್, ಗ್ಯಾಸ್ ಒಲೆ: ಫ್ಲಾಪ್‌ಜ್ಯಾಕ್ ಹುಟ್ಟಿದ ಬಗೆ

ಯಾರ್ಕ್‌ಷೈರಿನಲ್ಲಿ ಶಾಲೆಯ ಮೇಳವಿರಲಿ, ಚರ್ಚಿನ ಸಹಾಯಾರ್ಥ ಮಾರಾಟವಿರಲಿ, ಗುಡ್ಡ ಹತ್ತಲು ಹೊರಟವರ ಬೆನ್ನಚೀಲವಿರಲಿ, ಅಲ್ಲೊಂದು ಫ್ಲಾಪ್‌ಜ್ಯಾಕ್ ಇದ್ದೇ ಇರುತ್ತದೆ. ಓಟ್ಸ್, ಬೆಣ್ಣೆ, ಕಂದು ಸಕ್ಕರೆ, ಗೋಲ್ಡನ್ ಸಿರಪ್, ಇಷ್ಟೇ ಸಾಮಾನು. ಕರಗಿಸಿ, ಕಲಸಿ, ಟ್ರೇಗೆ ಒತ್ತಿ, ಓವನ್ನಿನಲ್ಲಿಟ್ಟು ತೆಗೆದರೆ ಆಯಿತು. ಇಲ್ಲಿನ ಎಷ್ಟೋ ಮಕ್ಕಳು ಮೊದಲು ಕಲಿಯುವ ಬೇಕಿಂಗ್ ಇದು. ಶಿರಸಿಯಿಂದ ಬಂದು ಹ್ಯಾಲಿಫ್ಯಾಕ್ಸಿನಲ್ಲಿ ಸಂಸಾರ ಹೂಡಿದ ನಾನೂ ಓವನ್ ಬಳಸಲು ಕಲಿತದ್ದು ಇದರಿಂದಲೇ. ಕಲಿಸಿದವರು ಪಕ್ಕದ ಮನೆಯ ಅಜ್ಜಿ. "ಒತ್ತು ಲವ್, ಇನ್ನೂ ಒತ್ತು" ಎನ್ನುತ್ತ ಚಮಚದ ಹಿಂಬದಿಯಿಂದ ಮೂಲೆ ಮೂಲೆಗೂ ಒತ್ತಿಸಿದ್ದರು. ಸಡಿಲ ಬಿಟ್ಟರೆ ಕತ್ತರಿಸುವಾಗ ಪುಡಿಯಾಗುತ್ತದೆ. ಇದೆಲ್ಲ ತಲೆತಲಾಂತರದಿಂದ ಬಂದದ್ದು ಎಂದೂ ಅವರು ಹೇಳಿದ್ದರು, ಬಹಳ ಹೆಮ್ಮೆಯಿಂದ.

ಅವರ ಹೆಮ್ಮೆ ನನಗೆ ಪ್ರೀತಿಯದು. ಆದರೆ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಓಟ್ಸಿನ ಈ ಸಿಹಿ ಬಾರ್ ಫ್ಲಾಪ್‌ಜ್ಯಾಕ್ ಎಂಬ ಹೆಸರಿನಲ್ಲಿ ಬರಹದಲ್ಲಿ ಕಾಣಿಸಿಕೊಳ್ಳುವುದು 1930ರ ದಶಕದಲ್ಲಿ. ಅದೇ ಹೆಸರು ಶೇಕ್ಸ್‌ಪಿಯರನ ಕಾಲದಲ್ಲೂ ಇತ್ತು, ಆದರೆ ಆಗ ಅದು ಬಾಣಲೆಯಲ್ಲಿ ಹುಯ್ಯುವ ಪ್ಯಾನ್‌ಕೇಕು. ಅಮೆರಿಕದಲ್ಲಿ ಇವತ್ತಿಗೂ ಹಾಗೆಯೇ. ನಾವು ಮನೆತಿಂಡಿ ಎಂದು ಮುದ್ದಿನಿಂದ ಕರೆಯುವ ಇದು ಹುಟ್ಟಬೇಕಾದರೆ ಒಂದು ಗಿರಣಿ, ಒಂದು ಸಕ್ಕರೆ ಕಾರ್ಖಾನೆ, ಒಂದು ಗ್ಯಾಸ್ ಒಲೆ ಮೊದಲು ಹುಟ್ಟಬೇಕಿತ್ತು. ಹಳೆಯದು ಓಟ್ಸ್ ಮಾತ್ರ.

ಆ ಹಳೆಯದರಿಂದಲೇ ಶುರುಮಾಡುತ್ತೇನೆ. ನಾವಿರುವುದು ಪೆನ್ನೈನ್ ಗುಡ್ಡಸಾಲಿನ ಮಗ್ಗುಲಲ್ಲಿ. ಹುಳಿ ಮಣ್ಣು, ತಂಪು ಬೇಸಿಗೆ, ಬಿಡದ ಮಳೆ. ಇಲ್ಲಿ ಗೋಧಿ ಸರಿಯಾಗಿ ಬಲಿಯುವುದಿಲ್ಲ. ಓಟ್ಸಿಗೆ ಈ ಹವೆಯೇ ಸಾಕು. ಹಾಗಾಗಿ ದಕ್ಷಿಣದ ಇಂಗ್ಲೆಂಡ್ ಗೋಧಿ ಬ್ರೆಡ್ಡು ತಿನ್ನುತ್ತಿದ್ದಾಗ ಉತ್ತರದ ಬಡವರು ಮತ್ತು ಇಡೀ ಸ್ಕಾಟ್ಲೆಂಡು ಓಟ್ಸಿನ ಮೇಲೆ ಬದುಕಿದರು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ ಕಾಳು ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುತ್ತದೆ ಎಂಬ ಅರ್ಥದಲ್ಲಿ ಬರೆದ. ರಾಗಿ ತಿನ್ನುವವರನ್ನು ಕೀಳಾಗಿ ಕಂಡ ನಾಡಿನಿಂದ ಬಂದವಳಿಗೆ ಆ ಮಾತಿನ ಮೊನೆ ಎಲ್ಲಿ ಚುಚ್ಚುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ.

ಓಟ್ಸಿನ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಉಬ್ಬಿ ನಿಲ್ಲುವ ಬ್ರೆಡ್ಡು ಅದರಿಂದ ಆಗದು. ಆದ್ದರಿಂದ ಇಲ್ಲಿಯವರು ಮಾಡುತ್ತಿದ್ದದ್ದು ಹ್ಯಾವರ್‌ಕೇಕ್. ಹಿಟ್ಟನ್ನು ನೀರಲ್ಲಿ ಕದಡಿ ಮರದ ತೊಟ್ಟಿಯಲ್ಲಿ ರಾತ್ರಿಯಿಡೀ ಹುಳಿ ಬರಿಸುವುದು. ತೊಟ್ಟಿಯನ್ನು ಪೂರ್ತಿ ತೊಳೆಯದೆ ಬಿಟ್ಟರೆ ಹಿಂದಿನ ಸಲದ ಹುಳಿಯೇ ಮುಂದಿನದಕ್ಕೆ ಹೆಪ್ಪು. ಬೆಳಿಗ್ಗೆ ಒಣ ಹಿಟ್ಟು ಉದುರಿಸಿದ ಹಲಗೆಯ ಮೇಲೆ ಒಂದು ಸೌಟು ಹುಯ್ದು, ಹಲಗೆಯನ್ನು ತಿರುಗಿಸಿ ಹಿಟ್ಟು ಹರಡಿಸಿ, ಅಲ್ಲಿಂದ ಕಾದ ಕಲ್ಲಿನ ಮೇಲೆ ಒಂದೇ ಬೀಸಿಗೆ ಜಾರಿಸುವುದು. ಅದು ಉದ್ದಕ್ಕೆ, ಅಂಡಾಕಾರವಾಗಿ ಬಿದ್ದು ಕ್ಷಣದಲ್ಲಿ ಬೇಯುತ್ತದೆ. ನಮ್ಮ ಕಾವಲಿಯ ಮೇಲಿನ ದೋಸೆಯಂತೆಯೇ ಮೈತುಂಬ ತೂತು, ಅದೇ ನಸುಹುಳಿ. ಬೇರೆಯಾಗುವುದು ಆಮೇಲೆ: ಹ್ಯಾವರ್‌ಕೇಕನ್ನು ಬಿಸಿ ಬಿಸಿಯಾಗಿ ತಿಂದು ಮುಗಿಸುತ್ತಿರಲಿಲ್ಲ, ಮಾಳಿಗೆಯಿಂದ ಇಳಿಬಿಟ್ಟ ಚೌಕಟ್ಟಿನ ಹಗ್ಗಗಳ ಮೇಲೆ ಬಟ್ಟೆ ಒಣಹಾಕಿದ ಹಾಗೆ ನೇತುಹಾಕುತ್ತಿದ್ದರು. ಮೊದಲು ತೊಗಲಿನಂತೆ ಮೆತ್ತಗಿದ್ದದ್ದು ಒಲೆಯ ಕಾವಿಗೆ ಒಣಗಿ ಗರಿಯಾಗುತ್ತಿತ್ತು. ವಾರಗಟ್ಟಲೆ ಉಳಿಯುತ್ತಿತ್ತು. 1814ರಲ್ಲಿ ಜಾರ್ಜ್ ವಾಕರ್ ಪ್ರಕಟಿಸಿದ ಯಾರ್ಕ್‌ಷೈರಿನ ಜನರ ವೇಷಭೂಷಣದ ಚಿತ್ರಪುಸ್ತಕದಲ್ಲಿ ಇದನ್ನು ಮಾಡುವ ಹೆಂಗಸಿನ ಚಿತ್ರವೇ ಇದೆ.

ನಮ್ಮೂರಿನ ಕಡೆಯಿಂದ ಸೈನ್ಯಕ್ಕೆ ಸೇರುತ್ತಿದ್ದ 33ನೆಯ ರೆಜಿಮೆಂಟಿಗೆ 'ಹ್ಯಾವರ್‌ಕೇಕ್ ಹುಡುಗರು' ಎಂಬ ಅಡ್ಡಹೆಸರಿತ್ತು. ಜನ ಸೇರಿಸಲು ಬರುವ ಸಾರ್ಜೆಂಟುಗಳು ಕತ್ತಿಯ ತುದಿಗೆ ಒಂದು ಹ್ಯಾವರ್‌ಕೇಕ್ ಸಿಕ್ಕಿಸಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದರಂತೆ, ನಮ್ಮಲ್ಲಿಗೆ ಬಂದರೆ ಹೊಟ್ಟೆಗೆ ಮೋಸವಿಲ್ಲ ಎಂದು ತೋರಿಸಲು. ಆ ರೆಜಿಮೆಂಟಿನ ಸಂಗ್ರಹ ಈಗ ಹ್ಯಾಲಿಫ್ಯಾಕ್ಸಿನ ಬ್ಯಾಂಕ್‌ಫೀಲ್ಡ್ ಮ್ಯೂಸಿಯಮ್ಮಿನಲ್ಲಿದೆ. ಆ ಕೋಣೆಗಳಲ್ಲಿ ತಿರುಗುವಾಗಲೆಲ್ಲ ನನಗೆ ಪದಕಗಳಿಗಿಂತ ಆ ಕತ್ತಿಯ ತುದಿಯ ರೊಟ್ಟಿಯೇ ನೆನಪಾಗುತ್ತದೆ. ಹಸಿವು ಎಷ್ಟಿದ್ದರೆ ಒಂದು ರೊಟ್ಟಿ ಆಮಿಷವಾದೀತು?

ಸಿಹಿಯೂ ಇತ್ತು, ಆದರೆ ವರ್ಷಕ್ಕೊಮ್ಮೆ ಬರುವ ಸಿಹಿ. ನವೆಂಬರ್ 5ರ ಬೆಂಕಿ ಹಬ್ಬಕ್ಕೆ ಮಾಡುವ ಪಾರ್ಕಿನ್ ಎಂಬ ಕೇಕು, ಓಟ್ಸಿನ ತರಿ, ಶುಂಠಿ, ಕಪ್ಪು ಕಾಕಂಬಿ ಸೇರಿದ್ದು. ಮಾಡಿದ ದಿನ ಗಟ್ಟಿ. ಡಬ್ಬದಲ್ಲಿ ಮುಚ್ಚಿಟ್ಟರೆ ಕೆಲವು ದಿನಕ್ಕೆ ಮೆತ್ತಗಾಗುತ್ತದೆ. ಪಾರ್ಕಿನ್ ಮಾಡಲೆಂದು ಓಟ್ಸಿನ ಹಿಟ್ಟು ಕದ್ದಳೆಂದು ಒಬ್ಬ ಹೆಂಗಸಿನ ಮೇಲೆ ಹೊರಿಸಿದ ಆರೋಪ 1728ರ ವೆಸ್ಟ್ ರೈಡಿಂಗ್ ದಾಖಲೆಯಲ್ಲಿದೆ. ಫ್ಲಾಪ್‌ಜ್ಯಾಕಿಗೆ ಹಿರಿಯಕ್ಕ ಯಾರಾದರೂ ಇದ್ದರೆ ಇವಳೇ. ಆದರೆ ಪಾರ್ಕಿನ್ನಿನಲ್ಲಿ ಓಟ್ಸ್ ಪುಡಿಯಾಗಿ ಕೇಕಿನಲ್ಲಿ ಕರಗಿಹೋಗುತ್ತದೆ. ಫ್ಲಾಪ್‌ಜ್ಯಾಕಿನ ಜೀವ ಇರುವುದು ಹಲ್ಲಿಗೆ ಸಿಗುವ ಇಡೀ ಪದರಿನಲ್ಲಿ, ಮತ್ತು ಆ ಪದರು ಬಂದದ್ದು ಅಮೆರಿಕದಿಂದ.

ಓಟ್ಸಿನಲ್ಲಿ ಗೋಧಿಗಿಂತ ಕೊಬ್ಬು ಹೆಚ್ಚು. ಸಿಪ್ಪೆ ತೆಗೆದು ಬೀಸಿಟ್ಟರೆ ಬೇಗ ಕಮಟುತ್ತದೆ. ಅದಕ್ಕೇ ಹಳಬರು ಮೊದಲು ಗೂಡಿನಲ್ಲಿ ಹುರಿದು ಆಮೇಲೆ ಬೀಸುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಓಹಾಯೊ ಕಡೆಯ ಗಿರಣಿಗಳು ಕಾಳನ್ನು ಹಬೆಯಲ್ಲಿ ಬೇಯಿಸಿ ಉಕ್ಕಿನ ರೋಲರುಗಳ ನಡುವೆ ಚಪ್ಪಟೆ ಮಾಡಲು ಶುರುಮಾಡಿದವು. ಹಬೆ ಕಮಟುವುದನ್ನು ತಡೆಯಿತು, ಚಪ್ಪಟೆಯಾದದ್ದು ನಿಮಿಷಗಳಲ್ಲಿ ಬೇಯತೊಡಗಿತು. ಓಹಾಯೊದ ಗಿರಣಿಯೊಂದು ಕ್ವೇಕರ್ ಎಂಬ ಗುರುತನ್ನು ನೋಂದಾಯಿಸಿದ್ದು 1877ರಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸ್ಕಾಟ್ ಸಹೋದರರ ಓಟ್ಸ್ ಕಂಪನಿ ಶುರುವಾದದ್ದು 1880ರಲ್ಲಿ. ಇವತ್ತು ಶಿರಸಿಯ ಕಿರಾಣಿ ಅಂಗಡಿಯಲ್ಲಿ 'ಆರೋಗ್ಯಕ್ಕೆ ಒಳ್ಳೆಯದು' ಎಂದು ಮಾರುವ ಪ್ಯಾಕೆಟ್ಟಿನಲ್ಲಿರುವುದೂ ಇದೇ ಹಬೆ, ಇದೇ ರೋಲರಿನ ಓಟ್ಸು.

ಇನ್ನು ಸಿರಪ್ಪು. ಸ್ಕಾಟ್ಲೆಂಡಿನ ಗ್ರೀನಕ್ ಬಂದರಿನ ಏಬ್ರಮ್ ಲೈಲ್ ಎಂಬವನು ಪೀಪಾಯಿ ಮಾಡುವ ಕಸುಬಿನಿಂದ ಮೇಲೆ ಬಂದು, ಹಡಗು ಇಟ್ಟು, ಆಮೇಲೆ ಸಕ್ಕರೆಗೆ ಇಳಿದ. 1880ರ ದಶಕದ ಆರಂಭದಲ್ಲಿ ಗಂಡುಮಕ್ಕಳೊಡನೆ ಲಂಡನ್ನಿನ ಪ್ಲೇಸ್ಟೋದಲ್ಲಿ, ಥೇಮ್ಸ್ ದಡದ ಮೇಲೆ, ಹೊಸ ಕಾರ್ಖಾನೆ ಕಟ್ಟಿದ. ಯುರೋಪಿನ ಅಗ್ಗದ ಬೀಟ್‌ರೂಟ್ ಸಕ್ಕರೆ ಬಂದು ಬೆಲೆ ಕುಸಿಯುತ್ತಿದ್ದ ಹೊತ್ತು ಅದು. ಸಕ್ಕರೆ ಶುದ್ಧಿ ಮಾಡಿದ ಮೇಲೆ ಉಳಿಯುವ ಕಂದು ರಸವನ್ನು ಸುಮ್ಮನೆ ಬಿಡುವಂತಿರಲಿಲ್ಲ. ಅದನ್ನೇ ಸೋಸಿ, ಹದಮಾಡಿ, ಹೊಂಬಣ್ಣದ ಸಿರಪ್ ಮಾಡಿ 1883ರಲ್ಲಿ ಮಾರಾಟಕ್ಕಿಟ್ಟರು. ಮೊದಲು ಮರದ ಪೀಪಾಯಿಗಳಿಂದ ಕಾರ್ಖಾನೆಯ ಕೆಲಸದವರಿಗೆ, ನೆರೆಹೊರೆಯವರಿಗೆ. ಎರಡು ವರ್ಷದ ಮೇಲೆ ಹಸಿರು ಬಂಗಾರದ ಆ ಡಬ್ಬ ಬಂತು: ಸತ್ತ ಸಿಂಹ, ಸುತ್ತ ಜೇನ್ನೊಣ, ಬೈಬಲ್ಲಿನ ಸ್ಯಾಮ್ಸನ್ನನ ಒಗಟಿನಿಂದ ತೆಗೆದದ್ದು. 1921ರಲ್ಲಿ ಟೇಟ್ ಕಂಪನಿಯ ಜೊತೆ ಸೇರಿ ಟೇಟ್ ಅಂಡ್ ಲೈಲ್ ಆಯಿತು. ಆ ಡಬ್ಬದ ಚಿತ್ರ ಇಂದಿಗೂ ಅದೇ.

ಚಮಚದ ಹಿಡಿಯಿಂದ ಮುಚ್ಚಳ ಮೀಟಿದರೆ ಟಪ್ಪೆಂದು ಬಿಡುತ್ತದೆ. ಅಂಚಿನ ತೋಡಿನಲ್ಲಿ ಹಳೆಯ ಸಿರಪ್ಪು ಗಟ್ಟಿಯಾಗಿ ಕೂತಿರುತ್ತದೆ. ಒಳಗಿನದು ಮಾತ್ರ ತಿಂಗಳುಗಟ್ಟಲೆ ಇಟ್ಟರೂ ಹರಳುಗಟ್ಟುವುದಿಲ್ಲ, ಏಕೆಂದರೆ ಅದರಲ್ಲಿನ ಸಕ್ಕರೆಯ ಒಂದು ಪಾಲನ್ನು ಮೊದಲೇ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತಾರೆ. ಬರೀ ಸಕ್ಕರೆ ಪಾಕ ಹಾಕಿದರೆ ಬಾರ್ ಕಲ್ಲಾಗುತ್ತದೆ, ಒಳಗೆ ಹರಳು ಕಚಕಚ ಎನ್ನುತ್ತದೆ. ಸಿರಪ್ಪು ಸೇರಿದಾಗ ಜಗಿಯುವ ಹದ ನಿಲ್ಲುತ್ತದೆ. ಫ್ಲಾಪ್‌ಜ್ಯಾಕಿನ ಗುಟ್ಟು ಇದೊಂದೇ.

ಈ ಡಬ್ಬದ ಹಿಂದಿನ ಚರಿತ್ರೆಯನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬ್ರಿಟನ್ನಿಗೆ ಸಿಹಿಯ ಚಟ ಹಿಡಿಸಿದ್ದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆ. ಗ್ರೀನಕ್ಕಿನಲ್ಲಿ ಮೊದಲ ಸಕ್ಕರೆ ಮನೆ ಬಂದ 1765ರಲ್ಲಿ ಆ ತೋಟಗಳಲ್ಲಿ ಗುಲಾಮಗಿರಿಯೇ ನಡೆಯುತ್ತಿತ್ತು. 1834ರಲ್ಲಿ ಅದನ್ನು ಕಾನೂನು ತೆಗೆದುಹಾಕಿತು. 1838ರಿಂದ ಅದೇ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹಡಗು ಹತ್ತಿದವರು ನಮ್ಮ ದೇಶದವರು, ಕಲ್ಕತ್ತೆಯಿಂದ, ಆಮೇಲೆ ಮದ್ರಾಸಿನಿಂದಲೂ. ಆ ಸಾಗಣೆ ಕೊನೆಗೊಂಡದ್ದು 1917ರಲ್ಲಿ. ಲೈಲನ ಸಿರಪ್ಪು ಬರುವ ಹೊತ್ತಿಗೆ ಗುಲಾಮಗಿರಿ ಮುಗಿದು ಅರ್ಧ ಶತಮಾನವಾಗಿತ್ತು, ನಿಜ. ಆದರೆ ಬ್ರಿಟನ್ನಿನ ಕೂಲಿಯವನ ಮನೆಗೂ ಸಿಹಿ ಅಗ್ಗವಾಗಿ ಎಟುಕಿದ್ದರ ಲೆಕ್ಕದಲ್ಲಿ ಆ ಬೆವರೂ ಇದೆ. ಶಾಲೆಯ ಮೇಳದ ಮೇಜಿನ ಮೇಲೆ ಇದನ್ನು ಬರೆದಿಡಲು ಆಗುವುದಿಲ್ಲ. ಬರೆಯಬಲ್ಲ ಕಡೆ ಬರೆಯಬೇಕು.

ಓವನ್ನಿನ ಮಾತು ಚಿಕ್ಕದು. ಕಲ್ಲಿದ್ದಲ ಕಬ್ಬಿಣದ ಒಲೆಯಲ್ಲೂ ಬೇಯಿಸುವ ಗೂಡು ಇತ್ತು, ಆದರೆ ಕಾವು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಕೈ ಒಳಗಿಟ್ಟು ಅಂದಾಜಿಸಬೇಕಿತ್ತು. ಸಕ್ಕರೆ ಸೇರಿದ ಓಟ್ಸ್ ಅಂಥಲ್ಲಿ ಸುಟ್ಟು ಹೋಗುವುದು ಬೇಗ. 1923ರಲ್ಲಿ ರೆಗ್ಯುಲೊ ಎಂಬ ಥರ್ಮೋಸ್ಟಾಟ್ ಇರುವ ಗ್ಯಾಸ್ ಒಲೆ ಬಂತು, ಗುಂಡಿ ತಿರುಗಿಸಿ ಅಂಕೆಗೆ ನಿಲ್ಲಿಸಿದರೆ ಸಾಕು. ಇಲ್ಲಿನ ಪಾಕವಿಧಾನಗಳಲ್ಲಿ ಈಗಲೂ 'ಗ್ಯಾಸ್ ಮಾರ್ಕ್ 4' ಎಂದು ಬರೆಯುವುದು ಆ ಕಾಲದ ಉಳಿಕೆ. ಸುಮಾರು 180 ಡಿಗ್ರಿ. ಬೆಣ್ಣೆ ದುಬಾರಿಯಾದವರಿಗೆ ಮಾರ್ಗರಿನ್ ಇತ್ತು. 1930ರ ಹೊತ್ತಿಗೆ ಎಲ್ಲವೂ ಒಂದೇ ಅಡುಗೆಮನೆಗೆ ಬಂದು ಸೇರಿದ್ದವು. ಮೊಟ್ಟೆ ಬೇಡ, ಮೈದಾ ಬೇಡ, ಉಬ್ಬಿತೋ ಇಲ್ಲವೋ ಎಂಬ ಆತಂಕ ಬೇಡ.

ಅಷ್ಟರಲ್ಲಿ ಯುದ್ಧ. 1940ರ ಜನವರಿಯಿಂದ ರೇಷನ್. ಒಬ್ಬರಿಗೆ ವಾರಕ್ಕೆ ಸಾಮಾನ್ಯವಾಗಿ 2 ಔನ್ಸ್ ಬೆಣ್ಣೆ, 4 ಔನ್ಸ್ ಮಾರ್ಗರಿನ್, 8 ಔನ್ಸ್ ಸಕ್ಕರೆ. ಒಂದು ಟ್ರೇ ಫ್ಲಾಪ್‌ಜ್ಯಾಕಿಗೆ ಬೇಕಾಗುವ 125 ಗ್ರಾಂ ಬೆಣ್ಣೆ ಎಂದರೆ ಒಬ್ಬರ ಎರಡು ವಾರದ ಪಾಲಿಗಿಂತ ಹೆಚ್ಚು. ಸಕ್ಕರೆ ಮುಕ್ತವಾದದ್ದು 1953ರಲ್ಲಿ, ಬೆಣ್ಣೆ ಮುಂದಿನ ವರ್ಷ. ಪಕ್ಕದ ಮನೆಯ ಅಜ್ಜಿ ಆಗ ಶಾಲೆಗೆ ಹೋಗುವ ಹುಡುಗಿ. ಅವರ ನೆನಪಿನಲ್ಲಿ ಫ್ಲಾಪ್‌ಜ್ಯಾಕು ಪುರಾತನವಾಗಿ ಕೂತದ್ದಕ್ಕೆ ಈ ವರ್ಷಗಳೇ ಕಾರಣ ಎಂದು ನನಗನ್ನಿಸುತ್ತದೆ. ಬೇಕೆಂದಾಗ ಸಿಗದೆ ಕಾದದ್ದು ಮನಸ್ಸಿನಲ್ಲಿ ಬಹಳ ಹಳೆಯದಾಗುತ್ತದೆ.

ನಾನು ಮಾಡುವುದು ಅವರ ಅಳತೆಯಲ್ಲೇ. 250 ಗ್ರಾಂ ಓಟ್ಸಿಗೆ ಬೆಣ್ಣೆ, ಕಂದು ಸಕ್ಕರೆ ತಲಾ 125, ಸಿರಪ್ಪು ಮೂರು ದೊಡ್ಡ ಚಮಚ, ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಕರಗಿಸುವುದಷ್ಟೇ, ಕುದಿಸಬಾರದು. ಅಂಚು ಕೆಂಪಾಗಿ ನಡು ಇನ್ನೂ ಮೆತ್ತಗಿರುವಾಗಲೇ ಹೊರತೆಗೆಯಬೇಕು, ಸುಮಾರು 25 ನಿಮಿಷ. ಆಗ ಬೆಂದಿಲ್ಲವೇನೋ ಎಂಬಂತೆ ಕಾಣುತ್ತದೆ. ಆರುತ್ತ ಆರುತ್ತ ತಾನೇ ಬಿಗಿಯುತ್ತದೆ. ಬಿಸಿಯಿದ್ದಾಗ ಚಾಕುವಿನಿಂದ ಗೆರೆ ಹಾಕಿ, ಟ್ರೇಯಲ್ಲೇ ಪೂರ್ತಿ ಆರಲು ಬಿಟ್ಟು, ಆಮೇಲೆ ಬಿಡಿಸುವುದು.

ಊರಲ್ಲಿ ಆಯಿ ಈಗ ಇದನ್ನು ಮಾಡುತ್ತಾಳೆ, ಗೋಲ್ಡನ್ ಸಿರಪ್ ಬದಲು ಆಲೆಮನೆಯ ಜೋನಿಬೆಲ್ಲ ಹಾಕಿ, ಒಂದು ಹಿಡಿ ಎಳ್ಳು ಸೇರಿಸಿ. ಬಣ್ಣ ಗಾಢ, ರುಚಿಯಲ್ಲಿ ಕಬ್ಬಿನ ಘಮ, ನನಗೆ ಸಿರಪ್ಪಿನದಕ್ಕಿಂತ ಇದೇ ಹೆಚ್ಚು ಇಷ್ಟ. ಮಳೆಗಾಲದಲ್ಲಿ ಮಾತ್ರ ಬೆಲ್ಲ ಗಾಳಿಯ ತೇವ ಎಳೆದುಕೊಂಡು ಬಾರ್ ಮೆದುವಾಗಿ ಒಂದಕ್ಕೊಂದು ಅಂಟುತ್ತದೆ. ಅದಕ್ಕೆ ಆಷಾಢದಿಂದ ಆಚೆಗೆ ಅವಳು ಬೆಲ್ಲ ಒಂದು ಚಮಚ ಕಡಿಮೆ ಮಾಡಿ, ಐದು ನಿಮಿಷ ಹೆಚ್ಚು ಬೇಯಿಸಿ, ನಡುನಡುವೆ ಬಾಳೆಲೆ ಬಾಡಿಸಿ ಇಟ್ಟು ಡಬ್ಬ ಮುಚ್ಚುತ್ತಾಳೆ.