ರಾಶಿ ಮುಗಿದ ಮೇಲಿನ ತೇರು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆ ಹೊಲದಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬಿತ್ತಿದ ಹಿಂಗಾರಿ ಬಿಳಿಜೋಳ ಫೆಬ್ರುವರಿ, ಮಾರ್ಚ್‌ನಲ್ಲಿ ಕಣಕ್ಕೆ ಬರುತ್ತದೆ. ತೊಗರಿ ಅದಕ್ಕೂ ಮೊದಲೇ ಮನೆ ಸೇರಿರುತ್ತದೆ. ಮುಂದಿನ ಬಿತ್ತನೆಗೆ ಜೂನ್‌ನ ಮಿರಗದ ಮಳೆ ಬೀಳಬೇಕು. ಹಾಗೆಂದು ನಡುವಿನ ಅಷ್ಟೂ ದಿನ ತಿರುಗಾಟಕ್ಕೆ ಒದಗುವುದಿಲ್ಲ. ಯುಗಾದಿ ದಾಟಿತೆಂದರೆ ಬಿಸಿಲು 40 ಡಿಗ್ರಿಗೆ ಏರುತ್ತದೆ, ಭೀಮಾ ನದಿಯ ಹರಿವು ಸೊರಗುತ್ತದೆ. ಕೂಸು, ಬಾಣಂತಿ, ಮುದುಕರನ್ನು ಕಟ್ಟಿಕೊಂಡು ಊರು ಬಿಡುವ ಕಾಲ ಅದಲ್ಲ. ಮಾಘದ ಹುಣ್ಣಿಮೆಯಿಂದ ಯುಗಾದಿಯವರೆಗಿನ ಕೆಲವೇ ವಾರಗಳಲ್ಲಿ ಧಾನ್ಯ, ಬಿಡುವು, ನೀರು, ತಾಳಬಲ್ಲ ಬಿಸಿಲು ನಾಲ್ಕೂ ಒಟ್ಟಿಗೆ ಸಿಗುತ್ತವೆ. ಈ ಸೀಮೆಯ ದೊಡ್ಡ ಕೌಟುಂಬಿಕ ತಿರುಗಾಟಗಳು ಆ ವಾರಗಳಲ್ಲೇ ಬೇರು ಬಿಟ್ಟದ್ದು ಆಕಸ್ಮಿಕವಲ್ಲ ಎಂಬುದು ನನ್ನ ವಾದ. ಶರಣರೂ ಗುರುಗಳೂ ಜಾತ್ರೆಗೆ ಹೆಸರು ಕೊಟ್ಟರು. ಅದರ ಖರ್ಚನ್ನು ಹೊತ್ತದ್ದು ಜೋಳ.

ಇದಕ್ಕೆ ಮೊದಲ ಸಾಕ್ಷಿ ಜಾತ್ರೆಗೂ ಹಿಂದಿನದು. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಕಾಳಿಗೆ ಹಾಲು ತುಂಬಿದಾಗ ಅದೇ ಹೊಲದಲ್ಲಿ ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಕೂಟ ನಡೆಯುತ್ತದೆ. ಹೊಲವಿಲ್ಲದ ನೆಂಟರು, ಊರ ಶಾಲೆಯ ಮಾಸ್ತರು, ದಾರಿಯಲ್ಲಿ ಹೋಗುವವರು ಎಲ್ಲರನ್ನೂ ಕರೆದು ಕೂರಿಸುವುದು ರೂಢಿ. ಕೊನೆಗೆ ರಾಶಿ. ಕಣದಲ್ಲಿ ಹಂತಿ ಹೂಡಿ, ರಾತ್ರಿಯಿಡೀ ಹಂತಿಯ ಹಾಡು ಹೇಳಿ, ಕಾಳು ತೂರಿದ ಮೇಲೆ ಅದು ನೇರ ನೆಲದಡಿಯ ಹಗೇವಿಗೆ ಇಳಿಯುತ್ತಿರಲಿಲ್ಲ. ಬಡಿಗ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕರ ವರ್ಷದ ದುಡಿಮೆಗೆ ಸಲ್ಲುವ ಕಾಳಿನ ಪಾಲಾದ ಆಯ ಕಣದಲ್ಲೇ ಅಳೆದು ಹೋಗುತ್ತಿತ್ತು. ಮಠಕ್ಕೆ, ಬೇಡಿ ಬಂದವರಿಗೆ ಪಾಲು ಅಲ್ಲೇ ಸಲ್ಲುತ್ತಿತ್ತು. ಜಾತ್ರೆಯ ಪುಕ್ಕಟೆ ಊಟದ ಲೆಕ್ಕ ಮುಗಿದಿರುತ್ತಿದ್ದದ್ದು ಈ ಕಣದಲ್ಲಿ. ಎತ್ತುಗಳೂ ಹಂತಿಯಿಂದ ಬಿಡುವಾಗುತ್ತಿದ್ದವು. ಬಂಡಿಯ ತಳಕ್ಕೆ ಹೊಸ ಕಣಿಕೆ ಹಾಸಿದರೆ ಕೂರುವವರಿಗೆ ಮೆತ್ತೆ, ಬಿಡಾರದಲ್ಲಿ ಎತ್ತಿಗೆ ಮೇವು. ಕೈಯಲ್ಲಿ ಕಾಸಿಲ್ಲದ ಕುಟುಂಬವೂ ಎರಡು ದಿನ ಊರು ಬಿಟ್ಟಿರಬಹುದಾಗಿತ್ತು.

ಈ ವ್ಯವಸ್ಥೆಗೆ ಅತ್ಯಂತ ಸ್ಪಷ್ಟ ರೂಪ ಸಿಕ್ಕಿದ್ದು ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ. ಶರಣಬಸವರು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದವರು, ಒಕ್ಕಲುತನ ಮಾಡಿದವರು. ತಮ್ಮ ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟರೆಂಬ ಐತಿಹ್ಯವನ್ನು ಈ ಭಾಗದ ಮಕ್ಕಳೂ ಬಲ್ಲರು. ಅವರು ಲಿಂಗೈಕ್ಯರಾದದ್ದು 1822ರಲ್ಲಿ. ಆ ನೆನಪಿಗೆ ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ತೇರು. ಅದರ ಹಿಂದಿನ ಸಂಜೆ ಉಚ್ಚಾಯಿ ಎಂಬ ಚಿಕ್ಕ ತೇರು. ತೇರಿನ ಹೊತ್ತಿಗೆ ಪೀಠಾಧಿಪತಿಗಳು ಪರುಷ ಬಟ್ಟಲನ್ನು ಎತ್ತಿ ತೋರಿಸುತ್ತಾರೆ. ಬೇಡಿದವರಿಗೆ ಇಲ್ಲವೆನ್ನದ ದಾಸೋಹದ ಗುರುತು ಅದು. ಒಕ್ಕಲಿಗನೊಬ್ಬನ ನೆನಪಿನ ಜಾತ್ರೆ ರಾಶಿ ಮುಗಿಯುವ ಹೊತ್ತಿಗೇ ಬೀಳುವುದರಿಂದ, ಆ ಬಟ್ಟಲನ್ನು ನೋಡುವ ರೈತನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ತಿಥಿ ಬಂದದ್ದು ಲಿಂಗೈಕ್ಯದಿಂದ, ಬೆಳೆಯಿಂದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಗುರುಪ್ರತಿಪದೆಯೂ ಹಾಗೆಯೇ: 15ನೇ ಶತಮಾನದ ದತ್ತ ಪರಂಪರೆಯ ಗುರು ನರಸಿಂಹ ಸರಸ್ವತಿಗಳು ಅಲ್ಲಿಂದ ಹೊರಟುಹೋದ ಮಾಘ ಬಹುಳ ಪಾಡ್ಯದ ನೆನಪು ಅದು. ಕಲಬುರಗಿಯ ಸೂಫಿ ಸಂತ ಬಂದೇನವಾಜರ ಉರುಸಂತೂ ಇಸ್ಲಾಮೀ ಚಾಂದ್ರ ಪಂಚಾಂಗದಂತೆ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ, ಆದರೂ ಜನ ಸೇರುತ್ತಾರೆ. ಘತ್ತರಗಿಯ ಭಾಗ್ಯವಂತಿ ದೇವಿಗೆ ಅಮಾವಾಸ್ಯೆಗೊಮ್ಮೆ ಭಕ್ತರು ನೆರೆಯುತ್ತಾರೆ. ಭಕ್ತಿಯೊಂದೇ ಯಾವ ಕಾಲದಲ್ಲೂ ಜನರನ್ನು ಕೂಡಿಸಬಲ್ಲದು ಎಂಬುದನ್ನು ಒಪ್ಪುತ್ತೇನೆ. ಆದರೆ ಹರಕೆ ತೀರಿಸಲು ಮನೆಗೊಬ್ಬರು ಹೋಗಿ ಬರುವುದು ಬೇರೆ, ಮನೆಗೆ ಬೀಗ ಹಾಕಿ ಇಡೀ ಕುಟುಂಬ ಬಂಡಿ ಹತ್ತುವುದು ಬೇರೆ. ಎರಡನೆಯದಕ್ಕೆ ತಿಥಿ ಸಾಲದು, ತುಂಬಿದ ಹಗೇವು ಬೇಕು. ಅಮರ್ಜಾ ನದಿ ಆಳಂದದ ಕಡೆಯಿಂದ ಹರಿದು ಬಂದು ಭೀಮೆಯನ್ನು ಕೂಡುವ ಗಾಣಗಾಪುರದ ಸಂಗಮದಲ್ಲಿ ಮಿಂದು, ಹೊಳೆಯ ದಂಡೆಯಲ್ಲೇ ಬುತ್ತಿ ಬಿಚ್ಚುವುದು ತಂಪು ಪೂರ್ತಿ ಹೋಗಿರದ ಆ ದಿನಗಳಿಗೇ ಒಪ್ಪುವಂಥದ್ದು. ಜಾತ್ರೆಯ ಬಯಲೂ ಇದನ್ನೇ ಹೇಳುತ್ತದೆ. ಗುಡಿಯ ಸುತ್ತ ಒಂದಿಷ್ಟು ಜಾಗ ಬಿಟ್ಟರೆ ಉಳಿದದ್ದೆಲ್ಲ ಬೆಂಡು ಬತ್ತಾಸು, ಬಳೆ, ತೊಟ್ಟಿಲು, ಕುಸ್ತಿಯ ಕಣ, ನಾಟಕದ ತಟ್ಟಿ. ಕೊಟ್ಟ ಮನೆಯ ಹೆಣ್ಣುಮಗಳಿಗೆ ತವರಿನವರು ಸಿಗುತ್ತಿದ್ದದ್ದೂ ಅಲ್ಲಿಯೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಅದನ್ನು ಬದಿಗೆ ಸರಿಸುವಂತಿಲ್ಲ. ಆಯದ ಕಾಳು ಜಾತಿಯ ಕಟ್ಟಿನೊಳಗಿನ ಕಾಳು. ಗುಡಿಯ ಬಾಗಿಲು, ಊಟದ ಪಂಕ್ತಿ ಎಲ್ಲೆಡೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬರದ ವರ್ಷ ಬಂದರೆ ಕೂಲಿಯವರಿಗೆ ಜಾತ್ರೆಯೂ ಸಾಲವೇ. ಹಳೆಯದನ್ನು ಹಾಡಿ ಹೊಗಳುವವರು ಇದನ್ನು ಮರೆತರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಬೀಳಿಸುವುದಿಲ್ಲ. ಜಾತ್ರೆಯ ಸುಖ ಧಾನ್ಯದ ಹಂಚಿಕೆಗೆ ಕಟ್ಟುಬಿದ್ದಿತ್ತು. ಹಂಚಿಕೆ ಅಸಮವಾಗಿದ್ದಷ್ಟೂ ಸುಖವೂ ಅಸಮವಾಗಿತ್ತು.

ಆ ಕಟ್ಟು ಸಡಿಲಿದ್ದು ಕ್ರಮೇಣ. 1871ರಲ್ಲಿ ಮುಂಬೈ ಕಡೆಯ ರೈಲುದಾರಿ ರಾಯಚೂರು ಮುಟ್ಟಿದ ಮೇಲೆ ಗಾಣಗಾಪುರಕ್ಕೆ ದೂರದ ಮರಾಠಿ ಯಾತ್ರಿಕರು ಸುಲಭವಾಗಿ ಬರತೊಡಗಿದರು. ಅವರು ತಂದದ್ದು ರೊಕ್ಕ, ಜೋಳವಲ್ಲ. ಈಚೆಗೆ ಆಳಂದದ ಭೂಸನೂರ, ಅಫಜಲಪುರದ ಹವಳಗಾದ ಸಕ್ಕರೆ ಕಾರ್ಖಾನೆಗಳ ಸುತ್ತ ಕಬ್ಬು ಹಬ್ಬಿತು. ಕಬ್ಬು ಕಡಿಯುವ ಕೆಲಸ ಜೋಳದ ಬಿಡುವನ್ನು ಕೇಳುವುದಿಲ್ಲ. ಕಣದ ಹಂತಿ ಹೋಗಿ ರಾಶಿ ಮಷಿನ್ ಬಂತು, ಆಯ ಕೂಲಿಯಾಯಿತು. ಬೇಸಿಗೆಗೆ ಕೆಲಸ ಅರಸಿ ಮುಂಬೈ, ಪುಣೆ, ಹೈದರಾಬಾದ್‌ಗೆ ಹೋಗುವ ಮನೆಗಳು ಜೇವರ್ಗಿ, ಆಳಂದದ ಹಳ್ಳಿಗಳಲ್ಲಿ ಈಗ ಸಾಮಾನ್ಯ. ಅವರ ಪಾಲಿಗೆ ಬಿಡುವನ್ನು ನಿಶ್ಚಯಿಸುವವನು ಗುತ್ತಿಗೆದಾರ. ಹೊಸ ಕಾಲದ ಸರಕಾರಿ ಉತ್ಸವಕ್ಕೆ ಈ ಭಾಗದಲ್ಲಿ ಸಿಕ್ಕ ದಿನ ಸೆಪ್ಟೆಂಬರ್ 17. 1948ರ ಹೈದರಾಬಾದ್ ಸಂಸ್ಥಾನದ ವಿಮೋಚನೆಯ ನೆನಪಿಗೆ ಅದು ಸರಿಯಾದ ದಿನವೇ. ಆದರೆ ಆಗ ತೊಗರಿ ಹೊಲದಲ್ಲಿರುತ್ತದೆ, ಹಿಂಗಾರಿ ಬಿತ್ತನೆ ಹತ್ತಿರ ಬಂದಿರುತ್ತದೆ, ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವುದು ಆಗದ ಮಾತು.