ಮೂಕಿ ಚಿತ್ರಕ್ಕೆ ಮಿರಜದ ತಂಬೂರಿ

ಮುರ್ನೌ ನಿರ್ದೇಶಿಸಿದ ‘ನೊಸ್ಫೆರಾಟು’ 1922ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕಂಡಾಗ ಜೊತೆಗೆ ವಾದ್ಯವೃಂದವಿತ್ತು. ಹಾನ್ಸ್ ಎರ್ಡ್‌ಮನ್ ಆ ಮೂಕಿ ಚಿತ್ರಕ್ಕೆಂದೇ ಸಂಗೀತ ಬರೆದಿದ್ದರು. ‘ಡ್ರಾಕುಲಾ’ದ ಕತೆಯನ್ನು ಅನುಮತಿಯಿಲ್ಲದೆ ಎತ್ತಿದ್ದಕ್ಕೆ ಆ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ದಾವೆ ಹೂಡಿ ಗೆದ್ದರು, ಪ್ರತಿಗಳನ್ನು ನಾಶಮಾಡುವಂತೆ ಆದೇಶವಾಯಿತು. ಪಿಶಾಚಿ ಹೇಗೋ ಬದುಕಿಕೊಂಡಿತು, ಸಂಗೀತದ ಬಹುಪಾಲು ಮಾತ್ರ ಕಳೆದುಹೋಯಿತು. ಈಗ ದೇಶವಿದೇಶದ ಸಂಗೀತ ವಿದ್ಯಾರ್ಥಿಗಳು ಅದೇ ಚಿತ್ರಕ್ಕೆ ತಮ್ಮ ತಮ್ಮ ಸಂಗೀತ ಕಟ್ಟುತ್ತಾರೆ. ಉಗುರು ಚಾಚಿದ ನೆರಳು ಮೆಟ್ಟಿಲೇರುವಾಗ ಯಾವ ಸ್ವರ ಹಿಡಿಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದೇ ಅವರಿಗೆ ಪರೀಕ್ಷೆ.

ಮಿರಜ ತಾಲ್ಲೂಕಿನ ಆರಗದ ಸುತ್ತಿನವರಿಗೆ ಇದೇನೂ ಹೊಸ ವಿದ್ಯೆಯಲ್ಲ.

1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಮಿರಜದ ಪಕ್ಕದ ಸಾಂಗಲಿಗೆ ಬಂದಿತ್ತು. ಆಟ ಕಂಡ ಸಂಸ್ಥಾನಾಧೀಶ ಚಿಂತಾಮಣರಾವ್ ಪಟವರ್ಧನರು, ಮರಾಠಿಯಲ್ಲೂ ಅಂಥದ್ದನ್ನು ಕಟ್ಟುವಂತೆ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೇರಿತು. ನಮ್ಮ ಭಾಗವತರ ಹಾಗೆ ಅಲ್ಲಿ ಪದಗಳನ್ನೆಲ್ಲ ಹಾಡುವವನು ಸೂತ್ರಧಾರ. ರಾಕ್ಷಸರು ಅಬ್ಬರಿಸುತ್ತ ರಂಗಕ್ಕೆ ನುಗ್ಗುವುದು ಆ ನಾಟಕಗಳ ದೊಡ್ಡ ಆಕರ್ಷಣೆ. ವೇಷದ ಹೆಜ್ಜೆಯ ಮೇಲೆ ಕಣ್ಣಿಟ್ಟು ಹಾಡು, ತಾಳ ಹೊಂದಿಸುವುದನ್ನು ಈ ಸೀಮೆ ಸಿನಿಮಾಕ್ಕಿಂತ ಎಷ್ಟೋ ಮೊದಲೇ ಕಲಿತಿತ್ತು.

ಸಿನಿಮಾ ಬಂದಮೇಲೆ ಆ ಜಾಗದಲ್ಲಿ ಹಾರ್ಮೋನಿಯಂ, ತಬಲಾದವರು ಪರದೆಯ ಬುಡದಲ್ಲಿ ಕೂತರು. ಮಿರಜದಿಂದ ದೂರವೇನಲ್ಲದ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ 1920ರಲ್ಲಿ ‘ಸೈರಂಧ್ರಿ’ ತೆಗೆದರು. ಅದರ ಕೀಚಕ ವಧೆ ಎಷ್ಟು ಭೀಕರವಾಗಿತ್ತೆಂದರೆ ಆ ದೃಶ್ಯಕ್ಕೆ ಸೆನ್ಸಾರಿನ ಕತ್ತರಿ ಬಿತ್ತು. 1927ರಲ್ಲಿ ಬಾರ್ಸಿ ಲೈಟ್ ರೈಲ್ವೆಯ ಕಿರುಹಳಿ ಪಂಢರಪುರದ ಕಡೆಯಿಂದ ಆರಗದ ಮೇಲೆ ಹಾದು ಮಿರಜ ಮುಟ್ಟಿದಾಗಲೂ ಚಿತ್ರಗಳಿಗೆ ಬಾಯಿ ಬಂದಿರಲಿಲ್ಲ. ಏಳೇ ವರ್ಷ ಕಳೆಯುವಷ್ಟರಲ್ಲಿ, 1934ರಲ್ಲಿ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂತು. ಅದರ ಚಿತ್ರೀಕರಣ ನಡೆದದ್ದೂ ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲೇ! ಮಾತು ಬಂದ ಸಿನಿಮಾ ಪರದೆಯ ಬುಡದವರ ಅನ್ನ ಕಸಿಯಿತು.

ವಾದ್ಯಗಳೇನೋ ಉಳಿದವು. ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನಗಳು ಮಿರಜದಲ್ಲಿ ಸಿತಾರ್, ತಂಬೂರಿಗೆ ಕೈಹಾಕಿ ಒಂದೂವರೆ ಶತಮಾನ ದಾಟಿದೆ. 2024ರಲ್ಲಿ ಎರಡಕ್ಕೂ ಭೌಗೋಳಿಕ ಸೂಚಿಕೆ ಸಿಕ್ಕಿತು. ಗಾಯಕ ಅಬ್ದುಲ್ ಕರೀಂ ಖಾನರ ಸಮಾಧಿ ಇರುವ ಮೀರಾಸಾಹೇಬ ದರ್ಗಾದಲ್ಲಿ ಉರುಸಿನ ಸಂಗೀತ ಇಂದಿಗೂ ನಡೆಯುತ್ತದೆ.

ಇಲ್ಲಿನ ಹುಡುಗರು ಭಯವನ್ನು ಹುಡುಕಿಕೊಂಡು ಬರ್ಲಿನ್‌ಗೆ ಹೋಗಬೇಕಿಲ್ಲ. ದಾದಾಸಾಹೇಬ್ ಫಾಲ್ಕೆಯವರ ಮೂಕಿ ಚಿತ್ರ ‘ಕಾಲಿಯ ಮರ್ದನ’ (1919) ಉಳಿದುಬಂದಿದೆ. ಮಡುವಿನೊಳಗೆ ಕಾಲಿಯನೊಂದಿಗೆ ಸೆಣಸುವ ಕೃಷ್ಣನಾಗಿ ನಟಿಸಿದ್ದು ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ. ಮಿರಜದ ಸಂಗೀತ ಶಾಲೆಗಳು ಆ ಕಾಳಗಕ್ಕೊಂದು ಹೊಸ ಸಂಗೀತ ಕಟ್ಟಿಸಲಿ, ಮೊದಲ ಪ್ರದರ್ಶನ ಆರಗದಲ್ಲೇ ಆಗಲಿ.