ಡಾಕ್ಟರ್ ತಮ್ಮ ಮನಸ್ಸಿನ ಮಾತು ಯಾರ ಹತ್ರ ಹೇಳ್ಕೋಬೇಕು?

ಮಧ್ಯೆ ರೈಲಿನ ಹಾರ್ನ್ ಕೇಳಿಸಿದರೆ ಬೈಕೋಬೇಡಿ. ನಾನು ರೆಕಾರ್ಡ್ ಮಾಡೋದು ಸಿ.ವಿ. ರಾಮನ್ ನಗರದ ಮನೆಯಲ್ಲಿ, ಕಗ್ಗದಾಸಪುರದ ಗೇಟ್ ಇಲ್ಲಿಗೆ ಹತ್ತಿರ.

ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗಳು ಊಟಕ್ಕೆ ಬಂದಿದ್ದಳು. ಸೈಕಿಯಾಟ್ರಿ ಎಂ.ಡಿ., ಎರಡನೇ ವರ್ಷ. ಅನ್ನ ಕಲಸಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಎಂಟು ವಾರ ಮಾತಾಡಿಸಿದ ಪೇಷಂಟ್ ಒಬ್ಬರು ಬರೋದನ್ನೇ ನಿಲ್ಲಿಸಿದ್ದರಂತೆ. "ನಾನೇ ಏನೋ ತಪ್ಪು ಮಾತಾಡಿದೆ ಕಣೋ" ಅಂದಳು. ಯಾರು, ಏನು ತೊಂದರೆ, ಒಂದೂ ಹೇಳಲಿಲ್ಲ. ಹೇಳೋ ಹಾಗೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಗೌಪ್ಯತೆ ರೋಗಿಯ ಹಕ್ಕು. ಮತ್ತೆ ಎಲ್ಲಿ ಹೇಳ್ಕೋತೀಯ ಅಂದೆ. "ಗುರುವಾರದ ಗ್ರೂಪ್‌ನಲ್ಲಿ."

ಈ ಗ್ರೂಪ್ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ 1950ರ ಸುಮಾರಿನ ಲಂಡನ್, ಟ್ಯಾವಿಸ್ಟಾಕ್ ಕ್ಲಿನಿಕ್. ಮೈಕೆಲ್ ಬಾಲಿಂಟ್ ಬುಡಾಪೆಸ್ಟ್‌ನ ಒಬ್ಬ ಸಾಮಾನ್ಯ ವೈದ್ಯರ ಮಗ. ಅವರು ಮತ್ತು ಹೆಂಡತಿ ಎನಿಡ್ ಸೇರಿ ಲಂಡನ್ನಿನ ಫ್ಯಾಮಿಲಿ ಡಾಕ್ಟರುಗಳನ್ನು ವಾರಕ್ಕೊಮ್ಮೆ ಕೂರಿಸತೊಡಗಿದರು. (ಹೆಸರು ಗಂಡನದ್ದೇ ಉಳಿದಿದೆ. ಆದರೆ ಸಮಾಜ ಕಾರ್ಯಕರ್ತರ ಜೊತೆ ಇಂಥ ಚರ್ಚೆ ಮೊದಲು ನಡೆಸಿದ್ದು ಎನಿಡ್.) ಒಬ್ಬ ಡಾಕ್ಟರ್ ಒಂದು ಕೇಸ್ ಹೇಳೋದು. ಫೈಲ್ ನೋಡಿ ಓದೋದಲ್ಲ, ನೆನಪಿನಿಂದ. ಯಾಕಂದರೆ ಏನು ಮರೆತರು ಅನ್ನೋದೂ ಒಂದು ಸುಳಿವು. ಈ ರೋಗಿಯನ್ನು ಕಂಡರೆ ನಿಮಗೆ ಯಾಕೆ ಸಿಟ್ಟು, ಯಾಕೆ ಅತಿಯಾದ ಕನಿಕರ ಅನ್ನೋದರ ಬಗ್ಗೆ ಉಳಿದವರು ಮಾತಾಡೋದು. 1957ರಲ್ಲಿ ಬಾಲಿಂಟ್ ಬರೆದ ಪುಸ್ತಕದ ವಾದ ಇಷ್ಟು: ಡಾಕ್ಟರೂ ಒಂದು ಔಷಧಿ, ಆದರೆ ಅದರ ಡೋಸ್ ಎಷ್ಟು ಅಂತ ಯಾರೂ ಬರೆದಿಟ್ಟಿಲ್ಲ. ಇವತ್ತು ಬ್ರಿಟನ್ನಿನಲ್ಲಿ ಸೈಕಿಯಾಟ್ರಿ ಕಲಿಯೋರಿಗೆ ಇಂಥ ಗ್ರೂಪ್ ಕಡ್ಡಾಯ.

ಈಗ ನಮ್ಮೂರಿಗೆ ಬನ್ನಿ. 1847ರಲ್ಲಿ ಶುರುವಾದ ಬೆಂಗಳೂರಿನ ಹುಚ್ಚಾಸ್ಪತ್ರೆ (ಆಗಿನ ಹೆಸರೇ ಅದು) 1925ರಲ್ಲಿ ಮಾನಸಿಕ ಆಸ್ಪತ್ರೆ ಆಯ್ತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಡಾ. ಎಂ.ವಿ. ಗೋವಿಂದಸ್ವಾಮಿ ಮೊದಲ ನಿರ್ದೇಶಕರು. ಸೈಕಿಯಾಟ್ರಿ ಡಾಕ್ಟರುಗಳಿಗೂ ಮನಃಶಾಸ್ತ್ರ ಓದಿದವರಿಗೂ ಅಲ್ಲೇ ತರಬೇತಿ. ಎರಡೂ ಸೇರಿ 1974ರ ಡಿಸೆಂಬರ್ 27ಕ್ಕೆ ನಿಮ್ಹಾನ್ಸ್.

ಆದರೆ ಸರ್ಜರಿ ಕಲಿಸೋ ಹಾಗೆ ಸೈಕೋಥೆರಪಿ ಕಲಿಸೋಕಾಗಲ್ಲ. ಸರ್ಜರಿಯಲ್ಲಿ ಸೀನಿಯರ್ ಪಕ್ಕದಲ್ಲೇ ನಿಂತಿರ್ತಾರೆ. ಇಲ್ಲಿ ಬಾಗಿಲು ಮುಚ್ಚಿರುತ್ತೆ. ಒಳಗೆ ನಡೆದದ್ದು ಹೊರಗೆ ಬರೋದು ಹೆಚ್ಚಾಗಿ ಕಲಿಯುವವರ ಬಾಯಿಂದಲೇ. ಬಿ.ಕಾಂ. ಓದಿದ ನನಗೆ ಸೂಪರ್‌ವಿಷನ್ ಅಂದರೆ ಆಡಿಟ್ ನೆನಪಾಯ್ತು. ಆಡಿಟರ್ ಮುಂದೆ ಯಾರಾದರೂ ತಮ್ಮ ತಪ್ಪು ತಾವೇ ಹೇಳ್ತಾರಾ?

1973ರಲ್ಲಿ ಜೆ.ಎಸ್. ನೇಕಿ ಅನ್ನೋ ಮನೋವೈದ್ಯರು, ನಮ್ಮ ಗುರು-ಶಿಷ್ಯ ಸಂಬಂಧ ಚಿಕಿತ್ಸೆಗೆ ಮಾದರಿ ಆಗಬಹುದಾ ಅಂತ ಒಂದು ಲೇಖನ ಬರೆದರು. ಅವರು ಹೇಳಿದ್ದು ಚಿಕಿತ್ಸಕ ಮತ್ತು ರೋಗಿಯ ಬಗ್ಗೆ. ಕಲಿಕೆಗೆ ಅದನ್ನೇ ತಂದರೆ ನನಗೆ ಸ್ವಲ್ಪ ಅನುಮಾನ. ಗುರು ಮುಂದೆ ಶಿಷ್ಯರು ತಲೆ ಆಡಿಸ್ತಾರೆ ಅಷ್ಟೇ. ಗ್ರೂಪ್‌ನಲ್ಲಿ ಪಕ್ಕದ ಕುರ್ಚಿಯವಳು "ನನಗೂ ಹಾಗೇ ಆಯ್ತು" ಅಂದುಬಿಟ್ಟರೆ ಬಾಯಿ ಬಿಡೋದು ಸುಲಭ.

ಎರಡು ವಾರ ಬಿಟ್ಟು ನಮ್ಮ ಹುಡುಗಿ ಮತ್ತೆ ಬಂದಳು. ಹೆಸರು, ಊರು ತೆಗೆದು ಕೇಸ್ ಹೇಳಿದ್ದಾಯ್ತಂತೆ, ಇಂಗ್ಲಿಷಿನಲ್ಲಿ. "ಲೋ ಮೂಡ್" ಅಂದಾಗ ಹುಬ್ಬಳ್ಳಿ ಕಡೆಯ ಸಹಪಾಠಿ ತಡೆದು, ಅವರು ಕನ್ನಡದಲ್ಲಿ ಅಂದ ಪದ ಯಾವುದು ಅಂತ ಕೇಳಿದ. ಆ ಪದ "ಬೇಜಾರು". ನೋಡಿ, ನಮಗೆ ದುಃಖವೂ ಬೇಜಾರು, ಟೈಮ್ ಹೋಗದಿದ್ದರೂ ಬೇಜಾರು, ಒಬ್ಬರ ಮೇಲೆ ಮುನಿಸಾದರೂ ಬೇಜಾರು. ಅವಳು ಮೊದಲನೆಯದನ್ನಷ್ಟೇ ಬರೆದುಕೊಂಡಿದ್ದಳು. ಆ ಬೇಜಾರು ತನ್ನ ಮೇಲೇ ಇರಬಹುದು ಅಂತ ಹೊಳೆದೇ ಇರಲಿಲ್ಲ.

ಅವರು ವಾಪಸ್ ಬಂದ್ರಾ ಅಂತ ಕೇಳಿದೆ.

"ಅದು ನಿಂಗ್ಯಾಕೋ?" ಅಂದು ಉಪ್ಪಿನಕಾಯಿ ಬಾಟಲಿ ಎಳೆದುಕೊಂಡಳು. ಈ ಸಲ ತಟ್ಟೆ ಖಾಲಿ ಆಯ್ತು.